ಮತ್ತೆ ಹರಾಜಿಗೆ ಬಾರದ ಕೋಳಿ

ವೈಟ್‌ಫೀಲ್ಡ್
ನವೆಂಬರ್ 1983, ಮಂಗಳವಾರ

ನನ್ನ ಮುದ್ದಿನ ಸುಗುಣಾ,

ನಿನ್ನ ಕಾಗದ ತಲುಪಿತು. ಹೆತ್ತಮ್ಮನಿಗೆ ಬರೆಯದೆ ಸೋದರಮಾವನಿಗೆ ಬರೆದೆಯಲ್ಲ, ಅಲ್ಲೇ ನಿನ್ನ ಬುದ್ಧಿ ಗೊತ್ತಾಗುತ್ತದೆ. ಹೇಳಿಕೊಡಲು ಇನ್ನೇನೂ ಉಳಿದಿಲ್ಲವೆಂದು ನಮ್ಮೂರ ಮೇಷ್ಟ್ರು ನನ್ನನ್ನು ನಾಲ್ಕನೇ ಕ್ಲಾಸಿಗೇ ಮನೆಗೆ ಕಳಿಸಿದರು ಎಂದರೆ ನಿನ್ನ ಅತ್ತೆ ನಂಬುವುದಿಲ್ಲ. ನೀನಾದರೂ ನಂಬು.

ಬರುವ ಭಾನುವಾರ ದಾಸರಹಳ್ಳಿಯ ನಿಮ್ಮ ಸಭೆಯಲ್ಲಿ ರೊಟ್ಟಿ-ದ್ರಾಕ್ಷಾರಸ ಹಂಚುವ ಕರ್ತನ ಭೋಜನವಿದೆ, ನಾನು ಮಾತ್ರ ಹೋಗುವುದಿಲ್ಲ ಎಂದು ಬರೆದಿದ್ದೀಯ. ನಿನ್ನ ಗಂಡ ಕೆಲಸ ಮಾಡುವ ಕಾರ್ಖಾನೆಯ ಫೋರ್‌ಮನ್ ಹೆಂಡತಿ ಎಸ್ತೇರಮ್ಮ ಪ್ರಾರ್ಥನಾ ಕೂಟದಲ್ಲಿ ಎಲ್ಲರೆದುರಿಗೆ, "ಲೋಕ ಹುಟ್ಟೋಕ್ ಮುಂಚೇನೇ ದೇವ್ರು ತನ್ನೋರನ್ನ ಆರಿಸ್ಕೊಂಡವ್ರೆ ಕಣಮ್ಮಾ. ಒಂದ್ ಹನಿ ಕಣ್ಣೀರಿಲ್ದೆ ಪ್ರಾರ್ಥನೆ ಮಾಡ್ತೀಯಲ್ಲ, ನೀನೂ ಆ ಪೈಕಿ ಅಂತ ಹೆಂಗ್ ನಂಬೋದು?" ಅಂದರಂತೆ. ಆವತ್ತಿನಿಂದ ನಿನಗೆ ಊಟ ಸೇರುತ್ತಿಲ್ಲವಂತೆ. ಆರಿಸಿಲ್ಲದಿದ್ದರೆ ನಾನು ಏನು ಮಾಡಿ ಏನು ಪ್ರಯೋಜನ ಮಾವ, ಎಂದು ಕೇಳಿದ್ದೀಯ.

ಎಸ್ತೇರಮ್ಮನ ಮಾತಿನಲ್ಲಿ ಅರ್ಧ ನಿಜ. ಆರಿಸುವವನು ದೇವರೇ, ಅದೂ ಮೊದಲೇ. ಇನ್ನರ್ಧ ನಿಜವನ್ನು ನನಗೆ ಕಲಿಸಿದ್ದು ಒಂದು ಕೋಳಿ.

ಹೋದ ವರ್ಷ ನಿನ್ನ ಗಂಡನಿಗೆ ರಜೆ ಸಿಗದೆ ನೀವು ನಮ್ಮ ಸಭೆಯ ಸುಗ್ಗಿ ಹಬ್ಬದ ಹರಾಜಿಗೆ ಬರಲಿಲ್ಲ. ನಷ್ಟ ನಿಮಗೇ. ಈ ಸೀಮೆಯಲ್ಲಿ ನನ್ನ ಹಾಗೆ ಹರಾಜು ಕೂಗುವವನು ಇನ್ನೂ ಹುಟ್ಟಿಲ್ಲ. ಜನ ಕಾಣಿಕೆ ತಂದ ಹುಳುಕು ಬದನೆಕಾಯಿಯನ್ನೂ ಏದೆನ್ ತೋಟದ್ದೆಂದು ಮಾರಿದವನು ನಾನು! ಆ ದಿನ ಮುದುಕಿ ಮರಿಯಮ್ಮ, ಮನೆಯಲ್ಲಿ ಬೇರೇನೂ ಇಲ್ಲದೆ, ಒಂದು ಕೋಳಿ ತಂದಿದ್ದಳು. ಕತ್ತಿನ ಪುಕ್ಕವೆಲ್ಲ ಉದುರಿತ್ತು. ಒಂದು ಕಣ್ಣು ಮಬ್ಬು. ಮೊಟ್ಟೆ ಇಡುವುದನ್ನು ನಿಲ್ಲಿಸಿ ಎಷ್ಟು ಕಾಲವಾಗಿತ್ತೋ. ನಾನು ಅದನ್ನು ಎತ್ತಿ ಹಿಡಿದು ಗಂಟಲು ಹರಿಯುವಂತೆ ಹೊಗಳಿದೆ. ಯಾರೂ ಬೆಲೆ ಕೂಗಲಿಲ್ಲ. ಬೇಲಿಯ ಹತ್ತಿರದಿಂದ ಒಬ್ಬ, "ಚಿನ್ನಪ್ಪಣ್ಣೋ, ಅದ್ರ ಬದ್ಲು ನಿನ್ನೇ ಹರಾಜಾಕು!" ಅಂದ. "ನನ್ ಬೆಲೆ ಕೊಡೋ ಗಂಡ್ಸು ಈ ಊರಾಗಿಲ್ಲ ಕಣಲೇ!" ಅಂದೆ. ಎಲ್ಲರೂ ನಕ್ಕರು. ಮರಿಯಮ್ಮ ಮಾತ್ರ ಸೆರಗು ಮುಖಕ್ಕೆ ಹಿಡಿದುಕೊಂಡಿದ್ದಳು.

ಆಗ ಹೂಕೋಸು ಬೆಳೆಯುವ ಪಾಪಯ್ಯಣ್ಣ ಎದ್ದು ನಿಂತು, ಆ ದಿನದ ಒಳ್ಳೆಯ ಹುಂಜಕ್ಕೂ ಬರದ ಬೆಲೆಯನ್ನು ಒಂದೇ ಸಲಕ್ಕೆ ಕೂಗಿಬಿಟ್ಟ. ನಮ್ಮಲ್ಲಿ ಪದ್ಧತಿ ನಿನಗೆ ಗೊತ್ತು: ಗೆದ್ದವರು ಹಣ ಕೊಟ್ಟು, ವಸ್ತುವನ್ನು ದೇವರಿಗೇ ವಾಪಸು ಬಿಡುತ್ತಾರೆ, ನಾನು ಮತ್ತೆ ಹರಾಜು ಕೂಗುತ್ತೇನೆ. ಒಂದೇ ಕುಂಬಳಕಾಯಿ ಸಂಜೆಯೊಳಗೆ ಊರೆಲ್ಲ ಸುತ್ತಿ ಬಂದಿರುತ್ತದೆ. ಅದೇ ರೂಢಿಯಲ್ಲಿ ಕೋಳಿಯನ್ನು ಮತ್ತೆ ಮೇಲೆತ್ತಿದೆ. ಪಾಪಯ್ಯಣ್ಣ ಜನರನ್ನು ತಳ್ಳಿಕೊಂಡು ಮುಂದೆ ಬಂದ.

"ಅದ್ಯಾಕೋ ಎತ್ತಿದೀಯ? ಇಲ್ ಕೊಡು."

"ವಾಪಸ್ ಬಿಡೋದು ಪದ್ಧತಿ ಅಲ್ವೇನಣ್ಣ?"

"ಕುಂಬಳಕಾಯ್ಗೆ ಪದ್ಧತಿ. ಇದುನ್ನ ನಾನು ಮನೆಗ್ ತಗೊಂಡೋಗಕ್ಕೇ ಕೊಂಡಿದ್ದು."

"ಅಂಥಾದ್ದೇನ್ ಕಂಡೆ ಇದ್ರಾಗೆ?"

"ಇದ್ರಾಗೇನೂ ಕಾಣ್ಲಿಲ್ಲ. ನಂಗ್ ಬೇಕು ಅನ್ನಿಸ್ತು, ಅಷ್ಟೇಯ."

ಕೋಳಿಯನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಎದೆಗವಚಿಕೊಂಡು ಹೊರಟ. ಆ ಬುದ್ಧಿಗೇಡಿ ಕೋಳಿ ದಾರಿಯುದ್ದಕ್ಕೂ ಅವನ ಕೈಯನ್ನೇ ಕುಕ್ಕುತ್ತಿತ್ತು. ಅವನು ಬಿಡಲಿಲ್ಲ.

ಮಗಳೇ, ಕಾರಣ ಕೋಳಿಯಲ್ಲಿರಲಿಲ್ಲ, ಕೊಂಡವನಲ್ಲಿತ್ತು. ಕಾರಣ ನಿನ್ನಲ್ಲಿದ್ದಿದ್ದರೆ ನೀನು ಹೆದರಬೇಕಿತ್ತು, ಇವತ್ತಿದ್ದದ್ದು ನಾಳೆ ಹೋದೀತು ಎಂದು. ಅದು ದೇವರಲ್ಲಿದೆ, ಅದಕ್ಕೇ ನಾನು ರಾತ್ರಿ ಗೊರಕೆ ಹೊಡೆದು ನಿದ್ದೆ ಮಾಡುತ್ತೇನೆ. ಮಾಡಿ ಏನು ಪ್ರಯೋಜನ ಎಂದೆಯಲ್ಲ, ಈ ಮಳೆಗಾಲದಲ್ಲಿ ಪಾಪಯ್ಯಣ್ಣ ಬೇರೆ ಕೋಳಿಯ ಮೊಟ್ಟೆಗಳನ್ನು ಅದರ ಕೆಳಗಿಟ್ಟ. ಕಾವು ಕೊಟ್ಟು ಅಂಗಳದ ತುಂಬ ಮರಿ ಮಾಡಿತು. ಮರಿ ಮಾಡುತ್ತದೆಂದು ಅವನು ಕೊಳ್ಳಲಿಲ್ಲ. ಕೊಂಡದ್ದರಿಂದ ಅದಕ್ಕೆ ಮರಿ ಮಾಡಲು ಒಂದು ಮನೆ ಸಿಕ್ಕಿತು. ನಮ್ಮ ಒಳ್ಳೆಯ ಕೆಲಸಗಳೂ ಹೀಗೇ, ಆರಿಸಿದ ಮೇಲೆ ಹಿಂದಿನಿಂದ ಬರುತ್ತವೆ.

ನಾನು ದೇವರು ಆರಿಸಿಕೊಂಡವಳೆಂದು ತಿಳಿಯುವುದು ಹೇಗೆ ಎನ್ನುತ್ತೀಯ. ದೇವರೇ ಬೇಡವೆನ್ನುವವರಿಗೆ ಅವನ ಚಿಂತೆಯಿಂದ ಊಟ ಬಿಟ್ಟು ಹೋಗುತ್ತದೆಯೇ? ಆ ಸಂಕಟವನ್ನು ನಿನ್ನೊಳಗೆ ಇಟ್ಟವನೂ ಅವನೇ. ಇನ್ನು ಬೇರೆಯವರನ್ನು ಏಕೆ ಆರಿಸಲಿಲ್ಲ, ಆರಿಸಿದ್ದಾನೋ ಏನೋ, ಅದೊಂದು ನನಗೆ ಗೊತ್ತಿಲ್ಲ. ನಾನು ಹರಾಜು ಕೂಗುವವನು, ಕೊಳ್ಳುವವನಲ್ಲ. ಎಸ್ತೇರಮ್ಮನೂ ಅಲ್ಲ. ಆಕೆಗೆ ಇದನ್ನು ನಗುನಗುತ್ತಲೇ ಹೇಳು, ಜಗಳ ಬೇಡ. ನಲ್ಲಿಯ ಹತ್ತಿರವೂ ಅಷ್ಟೇ, ನಿಮ್ಮ ಮನೆಯೊಡತಿ ಪಿಳ್ಳಮ್ಮ ಕೊಡ ಹಿಡಿದು ಬಂದರೆ ಮೊದಲು ಅವರಿಗೆ ಬಿಡು. ಬಿಟ್ಟಿಯಾಗಿ ಪ್ರೀತಿ ಸಿಕ್ಕವರು ನೀರಿಗೆ ಜಂಭ ಪಡಬಾರದು. ಜಂಭದ ಕೆಲಸವನ್ನು ನಮ್ಮ ಮನೆಯಲ್ಲಿ ನಾನೊಬ್ಬನೇ ನೋಡಿಕೊಳ್ಳುತ್ತೇನೆ.

ಶನಿವಾರ ಸಂಜೆಯ ಬಸ್ಸಿಗೆ ನಾನೂ ನಿನ್ನ ಅತ್ತೆಯೂ ಬರುತ್ತೇವೆ. ಹುಳಿಸೊಪ್ಪು ಮಾಡು, ಮುದ್ದೆ ನಿನ್ನ ಅತ್ತೆ ಕಟ್ಟುತ್ತಾಳೆ. ಭಾನುವಾರ ನಿನ್ನ ಒಂದು ಪಕ್ಕ ಅವಳು, ಇನ್ನೊಂದು ಪಕ್ಕ ನಾನು ಮೊಣಕಾಲೂರುತ್ತೇವೆ. ಸಭೆಯ ಅಯ್ಯನವರು ರೊಟ್ಟಿ ಹಿಡಿದು ಬಂದಾಗ ಕಣ್ಣೀರು ಬಂದರೆ ಬರಲಿ, ಬಾರದಿದ್ದರೆ ಒಣಗಣ್ಣಿನಲ್ಲೇ ಕೈ ಚಾಚು. ಹಸಿದವರು ಅತ್ತುಕೊಂಡೇ ಉಣ್ಣಬೇಕೆಂಬ ಕಾನೂನು ಯಾವ ತಂದೆಯ ಮನೆಯಲ್ಲೂ ಇಲ್ಲ.

ನೀನು ಮರೆತ ದಿನವೂ ನಿನ್ನನ್ನು ಮರೆಯದವನು ನಿನ್ನ ಒಲೆ, ಬಾಗಿಲು, ಮಡಿಲನ್ನು ಕಾಯಲಿ.

ಶನಿವಾರದವರೆಗೂ ಹೊಟ್ಟೆ ತುಂಬ ಉಣ್ಣಬೇಕಾದ ಸೊಸೆಗೆ,
ಅವಳ ಒಬ್ಬನೇ ಜಾಣ ಮಾವ,
ಚಿನ್ನಪ್ಪ