ಸಂದರ್ಶನದ ಬಾಗಿಲಲ್ಲಿ ಇಪ್ಪತ್ತೆಂಟು ವರ್ಷ

ನಿನ್ನ ಮಾವನ ಮನೆ, ಮಹಡಿ ಕೋಣೆ
ಮಂಗಳವಾರ, ಹನ್ನೊಂದನೇ ತಾರೀಕು, ಮಧ್ಯಾಹ್ನ

ಮುದ್ದಿನ ಚಿನಕುರಳಿಗೆ ಅಜ್ಜನ ಅಕ್ಕರೆಯ ನೆನಪುಗಳು.

ಕೆಮ್ಮು ಹೇಗಿದೆ? ಬಿಸಿನೀರು ಕುಡಿಯುತ್ತಿದ್ದೀಯೋ, ಇಲ್ಲಾ ಫೋನಿನಲ್ಲಿ "ಹೂಂ ಅಜ್ಜ, ಹೂಂ ಅಜ್ಜ" ಎನ್ನುತ್ತ ನನ್ನ ಕಿವಿ ಮೇಲೆ ಹೂವಿಡುತ್ತಿದ್ದೀಯೋ? ನಿನ್ನಮ್ಮನ ಮೊಣಕಾಲು ನೋವು ಇಳಿಯಿತೇ? ಇಡೀ ದಿನ ಚಿಕ್ಕ ಮಕ್ಕಳ ಮುಂದೆ ನಿಂತು ಪಾಠ ಹೇಳುವವಳು, ಮನೆಯಲ್ಲಾದರೂ ಸ್ವಲ್ಪ ಕೂರಲಿ. ನಾನು ಗಟ್ಟಿಮುಟ್ಟಾಗಿದ್ದೇನೆ. ಕಣ್ಣಿಗೆ ಔಷಧಿಯ ಹನಿ ಹಾಕಿಕೊಳ್ಳುವುದು ಮರೆತರೆ ನಿನ್ನ ಅತ್ತೆ ವಕೀಲರ ಹಾಗೆ ವಿಚಾರಣೆ ಮಾಡುತ್ತಾಳೆ, ಅದೊಂದು ಬಿಟ್ಟರೆ ಸುಖವೇ.

ಈಗ ಜಗಳಕ್ಕೆ ಬರುತ್ತೇನೆ. ಶುಕ್ರವಾರದ ಪಿಎಚ್‌ಡಿ ಸಂದರ್ಶನಕ್ಕೆ ಹೋಗುವುದೇ ಇಲ್ಲ ಎಂದು ಕೂತಿದ್ದೀಯಂತೆ. "ಬರೋರೆಲ್ಲ ದೊಡ್ಡ ದೊಡ್ಡ ಕಾಲೇಜಿನೋರು ಅಜ್ಜ, ನಾನಲ್ಲಿ ಬಾಯಿ ಬಿಟ್ರೆ ಮರ್ಯಾದೆ ಹೋಗುತ್ತೆ" ಎಂದೆಯಲ್ಲ, ಅದನ್ನು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಫೋನಿನಲ್ಲಿ ನಿನ್ನ ಜೊತೆ ವಾದ ಮಾಡಿ ಗೆದ್ದವರು ಯಾರಿದ್ದಾರೆ ಹೇಳು? ಅದಕ್ಕೇ ಕಾಗದ. ಮೂರು ಗಂಟೆಗೆ ನಿನ್ನ ಮಾವ ನಿಮ್ಮ ಕಡೆ ಹೊರಡುತ್ತಾನೆ, ಅವನ ಕೈಯಲ್ಲೇ ಕಳಿಸುತ್ತೇನೆ.

ನಾನು ಓದಿದ್ದು ಏಳನೇ ಕ್ಲಾಸು, ನಿಜ. ಆದರೆ ಸಸ್ಯಶಾಸ್ತ್ರ ವಿಭಾಗದ ಅಟೆಂಡರನಾಗಿ, ಸಂಶೋಧನೆಗೆ ಸೇರಲು ಬರುವವರ ಹೆಸರು ಕೂಗಿ ಒಳಗೆ ಕಳಿಸುತ್ತ ಇಪ್ಪತ್ತೆಂಟು ವರ್ಷ ಆ ಬಾಗಿಲಲ್ಲಿ ನಿಂತವನು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಬಡಗಿಗೆ ಹೇಳಬೇಕು ಎಂದು ಪ್ರತಿ ವರ್ಷ ಅಂದುಕೊಂಡು ಪ್ರತಿ ವರ್ಷ ಮರೆಯುತ್ತಿದ್ದೆ, ಬೇಕೆಂದೇ! ಈಗಲೂ ಊಟವಾಗಿ ಕಣ್ಣು ಮುಚ್ಚಿದರೆ ಸಾಕು, ಆ ಉದ್ದನೆಯ ಕಾರಿಡಾರಿನಲ್ಲಿ ಇರುತ್ತೇನೆ. ಮಾಡಿನ ಗಾಜಿನಿಂದ ಬಿಸಿಲು ಇಳಿದಿರುತ್ತದೆ, ಒದ್ದೆ ಎಲೆಯ ವಾಸನೆಯೂ ಸ್ಪಿರಿಟ್ಟಿನ ವಾಸನೆಯೂ ಬೆರೆತಿರುತ್ತವೆ. ಬೆಂಚಿನ ಮೇಲೆ ಕೂತವರ ಮುಖ ಕಾಣುವುದಿಲ್ಲ, ಫೈಲು ಹಿಡಿದ ಕೈಗಳಷ್ಟೇ ಕಾಣುತ್ತವೆ. ನಾನು ಮೆಲ್ಲಗೆ ನೀರಿನ ಲೋಟ ಹಂಚುತ್ತ ಹೋಗುತ್ತೇನೆ, ಕಾರಿಡಾರು ಮುಗಿಯುವುದೇ ಇಲ್ಲ. ಎದ್ದು ನೋಡಿದರೆ ಅತ್ತೆ ಕಾಫಿ ತಂದಿಟ್ಟು ಅದು ಆರಿ ತಣ್ಣಗಾಗಿರುತ್ತದೆ.

ಒಳಗೆ ಕೂತವರು ಹುಲಿ ಕರಡಿಗಳಲ್ಲ ಕಣೇ. ಒಂದು ಸಲ ಒಬ್ಬ ಹುಡುಗ ಪುಸ್ತಕವನ್ನೇ ನುಂಗಿ ಬಂದವನ ಹಾಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದ. ದೊಡ್ಡ ಪ್ರೊಫೆಸರು ಅಷ್ಟೂ ಹೊತ್ತು ಕಾಗದದ ಮೇಲೆ ಕೊಕ್ಕರೆ ಚಿತ್ರ ಬರೆಯುತ್ತಿದ್ದರು. ಅವನ ಹಿಂದೆಯೇ ಹೋದ ಹುಡುಗಿ ಮೊದಲ ಪ್ರಶ್ನೆಗೇ "ಗೊತ್ತಿಲ್ಲ ಸರ್" ಅಂದಳು. ಆಮೇಲೆ ಅವಳೇ "ಆದ್ರೆ ಕಂಡುಹಿಡೀಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ತೀನಿ ಹೇಳ್ಲಾ?" ಎಂದು ಖಾಲಿ ಹಾಳೆ ಕೇಳಿ ಇಸಿದುಕೊಂಡಳು. ನಲವತ್ತು ನಿಮಿಷ! ನಾನು ಎರಡು ಸಲ ಟೀ ಒಯ್ದರೂ ಯಾರೂ ಮುಟ್ಟಲಿಲ್ಲ. ಸೀಟು ಯಾರಿಗೆ ಸಿಕ್ಕಿತು ಎಂದು ನಾನು ಬೇರೆ ಹೇಳಬೇಕೇ?

ನೀನು ಕಳಿಸಿದ ಎರಡು ದಿನದ ಕಾರ್ಯಕ್ರಮಪಟ್ಟಿಯನ್ನು ಮಾವನ ಕೈಲಿ ಓದಿಸಿಕೊಂಡೆ. ಐದು ಜನ ಮೇಷ್ಟರು, ಒಬ್ಬೊಬ್ಬರ ಹತ್ತಿರ ಅರ್ಧ ಗಂಟೆ. ಆಮೇಲೆ ಲ್ಯಾಬು ತೋರಿಸುತ್ತಾರೆ, ಅಲ್ಲಿನ ವಿದ್ಯಾರ್ಥಿಗಳ ಜೊತೆ ಊಟ. ನಮ್ಮ ಕಾಲದಲ್ಲಿ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿತ್ತು, ಈಗ ಹೆಣ್ಣು ನೋಡುವುದಕ್ಕಿಂತ ಜಾಸ್ತಿಯಾಯಿತು! ಒಬ್ಬೊಬ್ಬರೂ ಏನು ಕೆಲಸ ಮಾಡುತ್ತಾರೆ ಎಂದು ಮೊದಲೇ ಸ್ವಲ್ಪ ಓದಿಕೊಂಡು ಹೋಗು. ಊಟದಲ್ಲಿ ಹೊಟ್ಟೆ ತುಂಬ ತಿನ್ನು, ಆದರೆ ಬಾಯಿಗೆ ಬಂದದ್ದು ಹರಟಬೇಡ, ಅಲ್ಲಿಯೂ ಕಿವಿಗಳಿರುತ್ತವೆ. ವಿದ್ಯಾರ್ಥಿಗಳನ್ನು "ನಿಮ್ಮ ಸರ್ ರಜೆ ಕೊಡ್ತಾರಾ?" ಎಂದು ಕೇಳಿ ನೋಡು. ಥಟ್ಟನೆ ಉತ್ತರ ಬಂದರೆ ಸರಿ. ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಆ ಲ್ಯಾಬಿನ ಕಡೆ ತಲೆ ಹಾಕಬೇಡ. ಐದು ವರ್ಷ ಅವರ ಜೊತೆ ಏಗಬೇಕಾದವಳು ನೀನು. ಅವರು ನಿನ್ನನ್ನು ನೋಡುವ ಹಾಗೆ ನೀನೂ ಅವರನ್ನು ನೋಡಿ ಬಾ.

ಬರೆಯುತ್ತ ಬರೆಯುತ್ತ ಕಣ್ಣು ಎಳೆಯುತ್ತಿದೆ. ನೀನು ಯಾವುದೋ ಕಾರಿಡಾರಿನಲ್ಲಿ ಬಿಸಿಲು ತುಳಿಯುತ್ತ ನಡೆದು ಹೋಗುತ್ತಿರುವ ಹಾಗೆ ಕಾಣುತ್ತಿದೆ, ಎಷ್ಟು ಕರೆದರೂ ತಿರುಗಿ ನೋಡುತ್ತಿಲ್ಲ, ಅದೇ ನನಗೆ ಸಂತೋಷ. ನಿನ್ನಮ್ಮನಿಗೆ ನನ್ನ ಆಶೀರ್ವಾದ ಹೇಳು. ನಿನಗಂತೂ ತಲೆ ಮೇಲೆ ಎರಡೂ ಕೈ ಇಟ್ಟು ಹರಸಿದ್ದೇನೆ, ಚೆನ್ನಾಗಿ ಬಾಳು ಮಗಳೇ.

ನಿನ್ನ
ಅಜ್ಜ

ತಾ.ಕ.: ಮಾವ ಕೆಳಗಿನಿಂದ ಕೂಗುತ್ತಿದ್ದಾನೆ, ಆದರೂ ಇದನ್ನು ಬರೆಯದೆ ಕಾಗದ ಮಡಚಲು ಕೈ ಬರುತ್ತಿಲ್ಲ. ನಿನ್ನಮ್ಮನೂ ಒಂದು ವರ್ಷ ನಮ್ಮ ವಿಭಾಗದ ಸಂದರ್ಶನಕ್ಕೆ ಬಂದಿದ್ದಳು, ಬೆಳಗ್ಗೆ ನನ್ನ ಜೊತೆಯಲ್ಲೇ ಬಸ್ಸಿನಲ್ಲಿ. ಅವಳದು ಪಟ್ಟಿಯಲ್ಲಿ ಏಳನೇ ಹೆಸರು. ಆರನೆಯವಳ ಮಾತಿಗೆ ಒಳಗಿದ್ದವರು ಗೊಳ್ಳೆಂದು ನಕ್ಕರು. ನನ್ನ ಮಗಳನ್ನು ನೋಡಿಯೂ ಹೀಗೆ ನಕ್ಕರೆ ನಾನು ಟ್ರೇ ಹಿಡಿದು ಅಲ್ಲೇ ನಿಂತಿರಬೇಕಲ್ಲ ಎಂದು ಹೆದರಿದೆ. ಅವಳ ಹೆಸರು ಕೂಗಲಿಲ್ಲ. ಒಳಗೆ ಹೋಗಿ "ಬಂದಿಲ್ಲ ಸರ್" ಅಂದೆ. ಹೊರಗೆ ಬಂದು "ಸೀಟು ಮುಗೀತಂತೆ ಕಣಮ್ಮ" ಅಂದೆ. ಅಪ್ಪನ ಮಾತಲ್ಲವೇ, ನಂಬಿದಳು. "ಹೋಗ್ಲಿ ಬಿಡಪ್ಪ, ನೀನ್ಯಾಕೆ ಬೇಜಾರು ಮಾಡ್ಕೋತೀಯ" ಎಂದು ನನಗೇ ಸಮಾಧಾನ ಹೇಳಿದಳು. ಇವತ್ತಿಗೂ ಅವಳಿಗೆ ಗೊತ್ತಿಲ್ಲ. ನೀನು ಸಂದರ್ಶನ ಮುಗಿಸಿ ಬಂದ ದಿನ ಈ ಕಾಗದವನ್ನು ಅವಳ ಕೈಗೆ ಕೊಡು. ಬೈದರೆ ಬೈಯಲಿ, ಮಾತು ಬಿಟ್ಟರೆ ಬಿಡಲಿ, ನನಗೆ ಆಗಬೇಕಾದದ್ದೇ. ಆದರೆ ನೀನು ಹೋಗದೆ ಮಾತ್ರ ಕೊಡಬೇಡ. ನನ್ನ ಸುಳ್ಳು, ನೀನು ಹೋಗದ್ದು, ಎರಡನ್ನೂ ಒಟ್ಟಿಗೆ ಅವಳು ಹೇಗೆ ತಡೆದುಕೊಂಡಾಳು?