ಅಮ್ಮನ ಹೆಸರಿಗೆ ನಿಂತ ಹನಿ

ಪ್ರೀತಿಯ ತಂಗಿ ಡರಿಹುನ್‌ಗೆ,

ಮೊನ್ನೆ ನಿನ್ನ ಅತ್ತಿಗೆ ಫಿಡಾಗೆ ಹೆಣ್ಣು ಮಗುವಾಯಿತು. ಮನೆ ಮುಂದುವರಿಸುವವಳು ಬಂದಳೆಂದು ಇವರ ಕುಲದವರೆಲ್ಲ ಹಿಗ್ಗಿದ್ದಾರೆ. ನಿನ್ನೆ ನಾಮಕರಣ. ಫಿಡಾಳ ಸೋದರಮಾವ ಒಂದೊಂದೇ ಹೆಸರು ಹೇಳುತ್ತ ಸೋರೆಬುರುಡೆಯಿಂದ ಅಕ್ಕಿಯ ಮದ್ಯ ಸುರಿದರು; ಕೊನೆಯ ಹನಿ ಯಾವ ಹೆಸರಿಗೆ ಬುರುಡೆಯ ಬಾಯಲ್ಲಿ ನಿಲ್ಲುತ್ತದೋ ಅದೇ ಮಗುವಿನ ಹೆಸರಲ್ಲವೇ. ಇವರ ಮನೆಯವರು ಆರಿಸಿದ್ದ ಎರಡು ಹೆಸರಿಗೂ ಕೊನೆಯ ಹನಿ ನಿಲ್ಲದೆ ಬಿದ್ದುಹೋಯಿತು. ಮನೆಗೆ ಬಂದ ಅಳಿಯ ನಾನು, ಮೂಲೆಯಲ್ಲಿ ಕೂತಿದ್ದೆ. ಅತ್ತೆ ತಿರುಗಿ, "ಏನಪ್ಪಾ, ಸುಮ್ನೆ ಕೂತಿದ್ದೀಯ? ಅಪ್ಪ ನೀನಲ್ವಾ? ನೀನೊಂದು ಹೇಳು" ಎಂದರು. ನನ್ನ ಬಾಯಿಗೆ ಬಂದದ್ದು ಅಮ್ಮನ ಹೆಸರೊಂದೇ. "ಸಿಲ್ಬಿ" ಎಂದೆ. ಹನಿ ಬುರುಡೆಯ ಬಾಯಲ್ಲೇ ನಿಂತಿತು!

"ನಿಮ್ಮಮ್ಮ ಗಟ್ಟಿಗಿತ್ತಿ ಕಣಯ್ಯ, ಸತ್ತ ಮೇಲೂ ಬಿಡ್ಲಿಲ್ಲ ನೋಡು" ಎಂದು ಸೋದರಮಾವ ನಕ್ಕರು.

ನಮ್ಮಲ್ಲಿ ತಾಯಿಯ ಕುಲವೇ ಮಕ್ಕಳದು, ಹಾಗಾಗಿ ಮಗುವಿನ ಕುಲ ಇವರದೇ. ಅಮ್ಮನ ಮನೆ, ಪದ್ಧತಿಯಂತೆ, ಕಿರಿಮಗಳಾದ ನಿನಗೆ ಬಂತು. ಹೆಸರು ಮಾತ್ರ ಇಲ್ಲಿಗೆ ಬಂದುಬಿಟ್ಟಿತು, ಬೇಸರಿಸಬೇಡ. ಹೆರಿಗೆಯಾದ ಮೇಲೆ ಫಿಡಾಗೆ ಬಂದಿದ್ದ ಜ್ವರ ಇಳಿದಿದೆ. ಇಲ್ಲಿ ಚಳಿ ಬಹಳ, ಬರುವಾಗ ನಮ್ಮ ಕಿತ್ತಳೆ ತೋಟದ ಜೇನು ತಾ.

ಒಳಗೆ ಅತ್ತೆ, "ಸಿಲ್ಬೀ, ಅಳಬೇಡ್ವೇ" ಎನ್ನುತ್ತಿದ್ದಾರೆ. ಆ ಹೆಸರು ಹಿಡಿದು ಯಾರಾದರೂ ಕರೆದದ್ದು ಕೇಳಿ ಎರಡು ವರ್ಷವಾಗಿತ್ತು, ತಂಗೀ. ಅಂಚೆಯವನು ಕಾಯುತ್ತಿದ್ದಾನೆ.

ನಿನ್ನ ಅಣ್ಣ,
ಕಿರ್ಷಾನ್