ಏಳನೆಯ ಹೆಸರು

ಧಾರವಾಡದ ಮೇಲ್ಗುಡ್ಡ,
ಕ್ರಿಸ್ತಶಕ 2231, ಕಡಲು ಮೇಲೇರಿದ ಎಪ್ಪತ್ತೆರಡನೆಯ ವರ್ಷ,
ಗರಿಗಳ ಭಾನುವಾರ ಕಳೆದ ಮಂಗಳವಾರ

ಇನ್ನು ನೂರು ವರ್ಷದ ಮೇಲೆ ನಮ್ಮ ಸಭೆಯಲ್ಲಿ ಕೂಡುವ ನಿಮಗೆ ಬೆನ್ಯಾಮೀನ ಜೀವಣ್ಣವರ ಎಂಬ ನಾನು ಮಾಡುವ ವಂದನೆಗಳು.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಮ್ಮ ಹಿರಿಯರ ಕಾಗದಗಳಲ್ಲಿ ಪೆಟ್ರೋಲು ಎಂಬ ಶಬ್ದ ಬಂದಲ್ಲೆಲ್ಲ ನಾನೂ ತಡವರಿಸಿದ್ದೇನೆ. ನಮ್ಮ ಬಿಲ್ಲೆ, ಮಂಜುಬಲೆಗಳು ನಿಮಗೆ ಹಾಗೆಯೇ ಇರಬಹುದು. ಆದ್ದರಿಂದ ಬಿಡಿಸಿ ಬರೆಯುತ್ತೇನೆ.

ಕರಾವಳಿಯನ್ನು ಕಡಲು ನುಂಗಿದ ಮೇಲೆ ಅಲ್ಲಿನ ಜನ ಘಟ್ಟ ಹತ್ತಿ ಬಂದರು. ಮೇಲಿನ ಊರುಗಳಲ್ಲಿ ಎಲ್ಲರಿಗೂ ಸಾಲುವಷ್ಟು ನೀರಿರಲಿಲ್ಲ. ಹೀಗಾಗಿ ಇಲ್ಲಿ ಹುಟ್ಟಿದವರಿಗೆ ಮಾತ್ರ ತಾಮ್ರದ ಬಿಲ್ಲೆ ಕೊಡುತ್ತಿದ್ದರು. ಅದು ಕೊರಳಲ್ಲಿದ್ದರೆ ದಿನಕ್ಕೆ ಎರಡು ಕೊಡ ನೀರು, ತಲೆಯ ಮೇಲೊಂದು ಸೂರು, ಕಾಯಿಲೆಗೆ ಔಷಧ. ಗುಡ್ಡದ ನೆತ್ತಿಯಲ್ಲಿ ಬಲೆ ಕಟ್ಟಿ ಬೆಳಗಿನ ಮಂಜನ್ನು ಹನಿಹನಿಯಾಗಿ ತೊಟ್ಟಿಗಿಳಿಸುತ್ತಿದ್ದೆವು. ಹರಿದ ಆ ಬಲೆಗಳನ್ನು ಹೊಲಿಯುವುದು ನನ್ನ ಕೆಲಸ. ಬೆರಳ ತುದಿಗಳು ಸದಾ ಒದ್ದೆಯಾಗಿ ಬಿಳಿಚಿಕೊಂಡಿರುತ್ತಿದ್ದವು. ಮಧ್ಯಾಹ್ನ ಬಿಸಿಲೊಲೆಯಲ್ಲಿ ಬೆಂದ ಜೋಳದ ರೊಟ್ಟಿ, ಭಾನುವಾರ ಹಳೆಯ ರೈಲು ನಿಲ್ದಾಣದಲ್ಲಿ ಆರಾಧನೆ. ಸುಗ್ಗಿ ಮುಗಿದ ಮೇಲೆ ಎಸ್ತೇರಳೊಂದಿಗೆ ನನ್ನ ಮದುವೆ ಎಂದು ಗೊತ್ತಾಗಿತ್ತು. ಅವಳು ಹೆರಿಗೆ ಮಾಡಿಸುವುದನ್ನು ಕಲಿತವಳು. ಕೀರ್ತನೆ ಹಾಡುವಾಗ ಎಲ್ಲರಿಗಿಂತ ಒಂದು ಸಾಲು ಮುಂದೆ ಓಡುವವಳು.

ನನಗೆ ಇಪ್ಪತ್ನಾಲ್ಕು ತುಂಬಿದ ವರ್ಷ ಕಡಲಿನವರಲ್ಲಿ ಉಪ್ಪುಜ್ವರ ಹಬ್ಬಿತು. ಅವರನ್ನೆಲ್ಲ ಗುಡ್ಡದ ಕೆಳಗೆ ಬೇಲಿಯೊಳಗೆ ಕೂಡಿಹಾಕಿದರು. ಆ ಜಾಗಕ್ಕೆ ತಡೆಬಯಲು ಎಂದು ಹೆಸರಾಯಿತು. ಆರೈಕೆಗೆ ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು. ಆದರೆ ಬಾಗಿಲಲ್ಲೇ ಬಿಲ್ಲೆ ಒಪ್ಪಿಸಬೇಕು, ಮತ್ತೆ ಮೇಲೆ ಬರುವಂತಿರಲಿಲ್ಲ.

ಆ ಭಾನುವಾರ ನಮ್ಮ ಸಭಾಪಾಲಕರಾದ ಅಯ್ಯನವರು ಪ್ರಸಂಗ ಮಾಡಲಿಲ್ಲ. ತನ್ನನ್ನು ನಿರಾಕರಿಸಿ ಶಿಲುಬೆ ಹೊತ್ತು ಬರಬೇಕೆಂದು ಕರ್ತನು ಹೇಳಿದ ಭಾಗವನ್ನು ಓದಿ, "ನಾ ಹೊಂಟೀನಿ. ಮತ್ಯಾರು ಬರ್ತೀರಿ?" ಎಂದಷ್ಟೇ ಕೇಳಿದರು. ಎಸ್ತೇರ ಎದ್ದಳು. ಅವಳು ಎದ್ದಳೆಂದು ನಾನೂ ಎದ್ದೆ. ಅಯ್ಯನವರೂ ಸೇರಿ ಏಳು ಹೆಸರುಗಳನ್ನು ಸಭೆಯ ಪುಸ್ತಕದಲ್ಲಿ ಬರೆದರು.

ಮರುದಿನ ಆರು ಬಿಲ್ಲೆಗಳು ಕಾವಲುಗಾರನ ಬುಟ್ಟಿಗೆ ಬಿದ್ದವು. ನನ್ನ ಕೈ ಕೊರಳ ದಾರದವರೆಗೆ ಹೋಗಿ ಅಲ್ಲೇ ನಿಂತಿತು.

"ಅವ್ವ ಒಬ್ಬಾಕಿ ಆಗ್ತಾಳ. ನಾಳೆ ಬರ್ತೀನಿ," ಎಂದೆ.

"ನಾಳೆ ಅನಬ್ಯಾಡ," ಎಂದಳು ಎಸ್ತೇರ. "ಬರಂಗಿಲ್ಲ ಅಂದ್ರ ಬರಂಗಿಲ್ಲ ಅನ್ನು. ನನಗ ಕಾಯೂದರೆ ತಪ್ಪತೈತಿ."

ಅಷ್ಟನ್ನು ಕೂಡ ನಾನು ಹೇಳಲಿಲ್ಲ. ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ನನ್ನ ಹೆಸರು ಹೇಳಿ ಹೊಳ್ಳಿ ಬಂದ್ಯೇನು? ನಾ ಇರ್ತಿದ್ನಲ್ಲೋ ಒಬ್ಬಾಕಿ," ಎಂದಳು. ಸಭೆಯವರಿಗೆ ಮುಖ ತೋರಿಸಲಾರದೆ ಆ ವಾರವೇ ಅವಳನ್ನು ಕರೆದುಕೊಂಡು ಬೆಳಗಾವಿಯ ಕಡೆಯ ಗುಡ್ಡಗಳಿಗೆ ಹೋಗಿಬಿಟ್ಟೆ. ಮುಂದಿನ ಮಳೆಗಾಲದಲ್ಲಿ ಅವ್ವ ತೀರಿಕೊಂಡಳು. ನಾನು ತಡೆಬಯಲಿಗೆ ಹೋಗಲು ಆಮೇಲೆ ಯಾವ ಅಡ್ಡಿಯೂ ಇರಲಿಲ್ಲ. ಹೋಗಲಿಲ್ಲ.

ಇಪ್ಪತ್ತೆರಡು ವರ್ಷದ ನಂತರ ಜ್ವರ ಅಡಗಿ ಬಾಗಿಲು ತೆರೆಯುತ್ತಾರೆಂದು ಕೇಳಿ ಓಡಿಬಂದೆ. ಆರು ಮಂದಿಯಲ್ಲಿ ಉಳಿದವಳು ಎಸ್ತೇರ ಒಬ್ಬಳೇ. ಕೂದಲು ಉದುರಿತ್ತು, ಎಡಗಿವಿ ಕೇಳುತ್ತಿರಲಿಲ್ಲ. ಬಲಗಿವಿಯ ಹತ್ತಿರ ಬಾಗಿ ಕ್ಷಮೆ ಕೇಳಿದೆ.

"ಮೊದಲಿನ ಎರಡು ವರ್ಷ ದಿನಾ ಅತ್ತೀನಿ," ಎಂದಳು. "ನಿನ್ನ ಸಲುವಾಗಿ ಅಷ್ಟ ಅಲ್ಲ. ನನಗೂ ಮನಿ ಬೇಕಿತ್ತು, ಮಕ್ಕಳು ಬೇಕಿತ್ತು. ದೇವರ ಮ್ಯಾಲೂ ಸಿಟ್ಟಾಗೀನಿ."

"ಮತ್ತ ಕರದ್ರ?"

"ಹೋಗ್ತೀನಿ. ಅಲ್ಲೆ ಎಷ್ಟ ಕೂಸು ನನ್ನ ಕೈಯಾಗ ಹುಟ್ಟ್ಯಾವ, ಗೊತ್ತೈತೇನು?"

ಅವಳ ಗಂಟನ್ನು ಹೊತ್ತುಕೊಂಡು ಜೊತೆಗೆ ಗುಡ್ಡ ಹತ್ತಿದೆ. ಮೇಲೆ ಸಭೆಯವರು ಹಾರ ಹಿಡಿದು ಕಾಯುತ್ತಿದ್ದರು. ಹೊಸ ಸಭಾಪಾಲಕರು, ಹೊಸ ಮುಖಗಳು. ಬಾಗಿಲಿನಿಂದ ನಾನು ಹಿಂದೆ ಸರಿದದ್ದನ್ನು ಕಂಡವರು ಯಾರೂ ಅಲ್ಲಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಪುಸ್ತಕದಲ್ಲಿದ್ದ ಏಳು ಹೆಸರುಗಳು ಮಾತ್ರ. ನನ್ನ ಹೆಸರು ಕೇಳಿದರು, ಹೇಳಿದೆ. ಇಬ್ಬರು ಬದುಕಿ ಬಂದರೆಂದು ಯಾರೋ ಕೂಗಿದರು. ಹಾರ ನನ್ನ ಕೊರಳಿಗೂ ಬಿತ್ತು. ಅಲ್ಲವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕೀರ್ತನೆ ಶುರುವಾಯಿತು. ಹಾಡು ಮುಗಿಯುವ ಹೊತ್ತಿಗೆ ಬಾಯಿ ಮುಚ್ಚಿಕೊಂಡಿದ್ದೆ.

ಮರುವರ್ಷದ ಈಸ್ಟರಿಗೆ ಏಳು ಹೆಸರಿನ ಕಲ್ಲು ನೆಟ್ಟರು. ನೀವು ದಿನಾ ನೋಡುವ ಕಲ್ಲು ಅದೇ. ಎಸ್ತೇರ ನನ್ನ ಹೆಸರಿದ್ದ ಕೊನೆಯ ಸಾಲಿನ ಮೇಲೆ ಬೆರಳಾಡಿಸಿ, "ಇದನ್ನ ನಾ ಹೇಳಂಗಿಲ್ಲ, ಬೆನ್ಯಾಮೀನ. ನೀನ ಹೇಳಬೇಕು," ಎಂದಳು. ಆಮೇಲೆ ತನ್ನ ಜನರ ನಡುವೆ ಬದುಕಲು ಕೆಳಗಿನ ಬಯಲಿಗೇ ಮರಳಿದಳು.

ನಾನು ಸಭೆಯ ಹಿರಿಯನಾದೆ. ವಿಶ್ವಾಸ ದೃಢೀಕರಣದ ಸಂಸ್ಕಾರಕ್ಕೆ ಬರುವ ಮಕ್ಕಳು ನನ್ನ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಯೇಸುವನ್ನು ಹಿಂಬಾಲಿಸುವವರು ಏನೇನು ಬಿಡಬೇಕಾಗುತ್ತದೆಂದು ಅವರಿಗೆ ಕಲಿಸುವವನು ನಾನೇ. ತಡೆಬಯಲಿನ ರಾತ್ರಿಗಳು ಹೇಗಿದ್ದವೆಂದು ಕೇಳಿದರೆ ಎಸ್ತೇರ ಹೇಳಿದ್ದನ್ನು ನನ್ನದೆಂಬಂತೆ ಹೇಳಿದ್ದೇನೆ. ಬಿಡದೆ ಉಳಿಸಿಕೊಂಡದ್ದೇನು ಎಂದು ಈಗ ಯೋಚಿಸಿದರೆ, ದಿನಕ್ಕೆ ಎರಡು ಕೊಡ ನೀರು.

ಹೋದ ತಿಂಗಳು ಎಸ್ತೇರ ತೀರಿಕೊಂಡಳು. ಅವಳ ಸಮಾಧಿಯ ಬಳಿ ನಾಲ್ಕು ಮಾತಾಡಲು ನನ್ನನ್ನೇ ಕರೆದರು. ಅಲ್ಲಿಯೂ ಮಾತಾಡಿದೆ, ಅಲ್ಲಿಯೂ ನಿಜ ಹೇಳಲಿಲ್ಲ. ಮಣ್ಣು ಹಾಕುವಾಗ, ಇನ್ನು ಇದು ಯಾರಿಗೂ ಗೊತ್ತಿಲ್ಲವೆಂದು ಮನಸ್ಸು ಒಂದು ಕ್ಷಣ ಹಗುರಾಯಿತು. ಆ ಹಗುರಕ್ಕೆ ಹೆದರಿ ಇದನ್ನು ಬರೆಯುತ್ತಿದ್ದೇನೆ.

ಬರುವ ಶುಭ ಶುಕ್ರವಾರದ ಆರಾಧನೆಯಲ್ಲಿ ಈ ಪತ್ರವನ್ನು ನಾನೇ ಎದ್ದು ಓದಬೇಕೆಂದಿದ್ದೇನೆ. ಓದಿದರೂ ಓದದಿದ್ದರೂ, ನೂರು ವರ್ಷ ತೆರೆಯಬಾರದೆಂದು ಮುದ್ರೆ ಹಾಕಿ ಇದನ್ನು ಸಭೆಯ ಪೆಟ್ಟಿಗೆಯಲ್ಲಿಡುತ್ತೇನೆ. ಓದಿದರೆ ಸಭಾಪಾಲಕರು ಇದರ ಕೆಳಗೆ ಸಹಿ ಮಾಡಿರುತ್ತಾರೆ. ಸಹಿ ಇಲ್ಲದಿದ್ದರೆ, ಎಪ್ಪತ್ತೆಂಟನೆಯ ವಯಸ್ಸಿನಲ್ಲೂ ನನಗೆ ಧೈರ್ಯ ಬರಲಿಲ್ಲವೆಂದು ತಿಳಿದು, ಏಳನೆಯ ಹೆಸರನ್ನು ನೀವೇ ಕೆತ್ತಿ ತೆಗೆಯಿರಿ. ಅದರ ಮೇಲಿನ ಸಾಲು ಎಸ್ತೇರಳದು. ಅದಕ್ಕೆ ಉಳಿ ತಾಗದಿರಲಿ.